ಹೊತ್ತಗೆಗಳನ್ನು ಹೊತ್ತು ನಡೆದ ಗಳಗನಾಥರು

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೊರಟ ಹೆದ್ದಾರಿಯಲ್ಲಿ ಹೆಬ್ಬಾಳವನ್ನು ದಾಟಿ, ಯಲಹಂಕವನ್ನು ಮುಟ್ಟುವುದಕ್ಕೆ ಮೊದಲು, ಅಲ್ಲಾಳಸಂದ್ರವೆಂಬ ಊರು ಸಿಗುತ್ತದೆ. ಊರೆಂದು ಕರೆಯುವುದು ಈಗ ಹಳೆಯ ವಾಡಿಕೆಯಷ್ಟೇ. ನಗರ ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆದರೂ ಅದರ ಹೆಸರಿನಲ್ಲಿ ಒಂದು ಹಳೆಯ ನೆನಪು ಉಳಿದಿದೆ. ಸಂದ್ರವೆಂದರೆ ಸಮುದ್ರ, ಸಮುದ್ರವೆಂದರೆ ಇಲ್ಲಿ ಕೆರೆ. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರಗಳಂತೆಯೇ ಇದೂ ನೀರಿನಿಂದ ಹೆಸರು ಪಡೆದ ಊರು. ಕಡಲನ್ನು ಕಾಣದ ನಮ್ಮ ಬಯಲುಸೀಮೆಯ ಹಿರಿಯರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದರು. ಆ ಕೆರೆ ಇಂದಿಗೂ ಅಲ್ಲಿದೆ. ಭಾನುವಾರದ ಮುಂಜಾನೆ ಅದರ ದಂಡೆಯ ಮೇಲೆ ನಾಲ್ಕು ಹೆಜ್ಜೆ ನಡೆಯುವವರಲ್ಲಿ ಈ ಲೇಖಕನೂ ಒಬ್ಬ.

ಅಂತಹ ಒಂದು ಮುಂಜಾನೆ ಜೊತೆಯಲ್ಲಿ ನಡೆಯುತ್ತಿದ್ದ ನೆರೆಮನೆಯ ತರುಣನೊಬ್ಬ, ಅಭಿಜಾತವೆನ್ನಿಸಿಕೊಂಡ ಕಾದಂಬರಿಗಳನ್ನು ಓದಬೇಕೆಂದು ಮನಸ್ಸು ಮಾಡಿರುವುದಾಗಿಯೂ, ಯಾವುದರಿಂದ ತೊಡಗಬೇಕೆಂದು ತಿಳಿಯದೆ ಇರುವುದಾಗಿಯೂ ಹೇಳಿದನು. ಅವನ ಬಳಿ ಪಟ್ಟಿಗಳಿಗೆ ಕೊರತೆಯಿರಲಿಲ್ಲ. ಪಟ್ಟಿಗಳು ಒಂದಕ್ಕೊಂದು ಹೊಂದದೆ ಇದ್ದುದೇ ಅವನ ತೊಡಕು. ಒಂದು ಪುಸ್ತಕವನ್ನು ಅಭಿಜಾತವೆಂದು ಕರೆಯುವವರು ಯಾರು, ಯಾವ ಅಧಿಕಾರದಿಂದ ಕರೆಯುತ್ತಾರೆ ಎಂಬುದು ಅವನ ನಿಜವಾದ ಪ್ರಶ್ನೆ. ಅವನಿಗೆ ಇನ್ನೊಂದು ಪಟ್ಟಿಯನ್ನು ಕೊಡುವ ಬದಲು, ಇದೇ ಪ್ರಶ್ನೆಯನ್ನು ಒಂದು ನಾಡಿಗಾಗಿ ತಮ್ಮೊಳಗೆ ಕೇಳಿಕೊಂಡು, ಅದಕ್ಕೆ ತಮ್ಮ ಬಾಳನ್ನೇ ಉತ್ತರವಾಗಿ ತೆತ್ತ ಒಬ್ಬ ಮಹನೀಯರ ಕಥೆಯನ್ನು ಹೇಳುವುದು ಲೇಸೆಂದು ತೋರಿತು. ಆ ಕಥೆಯೇ ಈ ಲೇಖನ.

ವೆಂಕಟೇಶ ತಿರಕೋ ಕುಲಕರ್ಣಿ ಎಂದರೆ ಇಂದು ಹೆಚ್ಚಿನ ಓದುಗರಿಗೆ ಗುರುತು ಹತ್ತಲಾರದು. ಗಳಗನಾಥರು ಎಂದರೆ ಹತ್ತುತ್ತದೆ. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದು ಇಂದು ಹಾವೇರಿ ಜಿಲ್ಲೆಯಲ್ಲಿರುವ ಗಳಗನಾಥವೆಂಬ ಸಣ್ಣ ಗ್ರಾಮದಲ್ಲಿ ಅವರು 1869ರಲ್ಲಿ ಜನಿಸಿದರು. ವರದೆಯು ಬಂದು ತುಂಗಭದ್ರೆಯನ್ನು ಕೂಡುವ ಸ್ಥಳವದು. ಆ ಸಂಗಮದ ಬಳಿ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ವಿಶಾಲವಾದ ತಳಪಾಯದ ಮೇಲೆ, ಇಂದಿಗೂ ನಿಂತಿದೆ. ಹಳೆಯ ವೈಭವದ ಕಲ್ಲುಗಳು ಕಣ್ಣೆದುರಿಗೇ ಇದ್ದು, ಅವುಗಳ ಕಥೆಯನ್ನು ಹೇಳಬಲ್ಲ ಪುಸ್ತಕ ಮಾತ್ರ ಊರಿನಲ್ಲಿ ಒಂದೂ ಇಲ್ಲದಂತಹ ಪರಿಸರದಲ್ಲಿ ಆ ಬಾಲಕ ಬೆಳೆದನು. ಮುಂದೆ ಆ ಊರಿನ ಹೆಸರೇ ಅವರ ಹೆಸರಾಯಿತು. ತಂದೆತಾಯಿಗಳು ಇಟ್ಟ ಹೆಸರು ಅದರ ಹಿಂದೆ ಮರೆಯಾಯಿತು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆದುಕೊಳ್ಳದಿದ್ದರೆ ಅವರು ಮಾಡಿದ ಕಾರ್ಯದ ಭಾರ ನಮಗೆ ತಿಳಿಯದು. ಕನ್ನಡನಾಡು ಒಂದಾಗಿರಲಿಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಆಧಿಪತ್ಯಗಳು, ನಿಜಾಮರ ಹೈದರಾಬಾದು, ಕೊಡಗು, ಇವಲ್ಲದೆ ಹಲವು ಸಣ್ಣಪುಟ್ಟ ಸಂಸ್ಥಾನಗಳ ನಡುವೆ ಕನ್ನಡಿಗರು ಹಂಚಿಹೋಗಿದ್ದರು. ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಸೀಮೆಯಲ್ಲಿ ಕಚೇರಿಯ ಭಾಷೆಯಾಗಿ, ಕಲಿತವರ ಭಾಷೆಯಾಗಿ ಮರಾಠಿಯ ಪ್ರಭಾವ ಬಲವಾಗಿತ್ತು. ಮನೆಯಲ್ಲಿ ಕನ್ನಡ ಮಾತನಾಡುವವರೂ ಓದುಬರಹಕ್ಕೆ ಮರಾಠಿಯನ್ನು ಹಿಡಿಯುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂತಹ ದೀರ್ಘದರ್ಶಿಗಳು ಕನ್ನಡ ಶಾಲೆಗಳಿಗಾಗಿ ಹೆಣಗಿ, 1881ರಲ್ಲಿ ತೀರಿಕೊಳ್ಳುವ ವೇಳೆಗೆ ಆ ಸೀಮೆಯಲ್ಲಿ ಕನ್ನಡದ ಬೇರಿಗೆ ಮತ್ತೆ ನೀರು ಹಾಯಿಸಿದ್ದರು. ಆ ನೀರಿನಿಂದ ಚಿಗುರಿದ ಪೀಳಿಗೆಗೆ ಗಳಗನಾಥರು ಸೇರಿದವರು. ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಅವರು ಕನ್ನಡ ಶಾಲೆಯ ಮಾಸ್ತರರಾದರು.

ಮಾಸ್ತರರಾದ ಮೇಲೆ ಅವರ ಎದುರಿಗೆ ಬಂದ ಸಮಸ್ಯೆಯು ಸರಳವೂ ಕಠಿಣವೂ ಆಗಿತ್ತು. ಮಕ್ಕಳಿಗೆ ಅಕ್ಷರವನ್ನು ಕಲಿಸಬಹುದು. ಆದರೆ ಅಕ್ಷರ ಕಲಿತವನು ಶಾಲೆ ಬಿಟ್ಟ ಮೇಲೆ ಏನನ್ನು ಓದಬೇಕು? 1901ರ ಜನಗಣತಿಯ ವೇಳೆಗೆ ಇಡೀ ಹಿಂದೂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐವರಿಗಿಂತ ತುಸು ಹೆಚ್ಚು. ಆ ಐವರಿಗೂ ಕನ್ನಡದಲ್ಲಿ ಮನಸ್ಸಿಟ್ಟು ಓದುವ ಗದ್ಯ ದೊರೆಯುವುದು ದುರ್ಲಭ. ಪಂಪ ರನ್ನರ ಕಾವ್ಯಗಳಿದ್ದವು, ಆದರೆ ಹಳಗನ್ನಡದ ಬಾಗಿಲನ್ನು ತೆರೆಯುವ ಬೀಗದ ಕೈ ಎಲ್ಲರ ಬಳಿ ಇರಲಿಲ್ಲ. ಕುಮಾರವ್ಯಾಸ, ಲಕ್ಷ್ಮೀಶರನ್ನು ಜನ ಗಮಕಿಗಳ ಬಾಯಿಂದ ಕೇಳುತ್ತಿದ್ದರು. ಒಬ್ಬನೇ ದೀಪದ ಮುಂದೆ ಕುಳಿತು ಪುಟ ತಿರುಗಿಸುತ್ತ ಕಥೆಯೊಳಗೆ ಇಳಿಯುವ ಸುಖ ಮಾತ್ರ ನಮ್ಮವರಿಗೆ ಹೊಸದು.

ಆ ಸುಖಕ್ಕೆ ನಾವು ಇಟ್ಟುಕೊಂಡ ಹೆಸರೇ ವಿಚಾರ ಮಾಡತಕ್ಕದ್ದು. ಬಂಗಾಳಿಗಳು ಉಪನ್ಯಾಸವೆಂದರು, ತೆಲುಗರು ನವಲವೆಂದರು; ಮರಾಠಿಗರೂ ಕನ್ನಡಿಗರೂ ಕಾದಂಬರಿಯೆಂದರು. ಏಳನೆಯ ಶತಮಾನದ ಬಾಣಭಟ್ಟನ ಒಂದು ಕಥೆಯ ಹೆಸರು, ಕಥಾನಾಯಿಕೆಯ ಹೆಸರು, ಇಡಿಯ ಒಂದು ಸಾಹಿತ್ಯಪ್ರಕಾರದ ಹೆಸರಾಗಿ ನಿಂತಿತು. ನಾಗವರ್ಮನು ಬಹು ಹಿಂದೆಯೇ ಅದನ್ನು ಕನ್ನಡಕ್ಕೆ ತಂದಿದ್ದನು. ಹೀಗೆ ಹೊಸದೊಂದು ಬಗೆಯ ಪುಸ್ತಕವನ್ನು ಸ್ವಾಗತಿಸುವಾಗ ನಮ್ಮವರು ಹಳೆಯ ಅಭಿಜಾತ ಕೃತಿಯೊಂದರ ಹೆಸರಿನಿಂದಲೇ ಅದನ್ನು ಕರೆದರು. ಒಂದು ಕೃತಿ ಸಾವಿರದ ಮುನ್ನೂರು ವರ್ಷಗಳ ತರುವಾಯವೂ ಭಾಷೆಗೆ ಒಂದು ಪದವಾಗಿ ಒದಗಬಲ್ಲುದೆಂಬುದಕ್ಕಿಂತ ಅದರ ಚಿರಂತನತೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಹಳೆಯ ಮೈಸೂರಿನ ಕಡೆಯಲ್ಲಿ ಈ ಕೊರತೆಯನ್ನು ತುಂಬಲು ಆಗಲೇ ಒಬ್ಬರು ಕಂಕಣ ಕಟ್ಟಿದ್ದರು. ನ್ಯಾಯಾಂಗದ ಹುದ್ದೆಯಲ್ಲಿದ್ದ ಬಿ. ವೆಂಕಟಾಚಾರ್ಯರು ಸ್ವಪ್ರಯತ್ನದಿಂದ ಬಂಗಾಳಿಯನ್ನು ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಕ್ಕೆ ಇಳಿಸಿದರು. ಬಂಕಿಮರು 1865ರಲ್ಲಿ ಬರೆದ 'ದುರ್ಗೇಶನಂದಿನಿ' ಅವರ ಕೈಯಿಂದ ಕನ್ನಡವಾದುದು ಹತ್ತೊಂಬತ್ತನೆಯ ಶತಮಾನ ಮುಗಿಯುವುದಕ್ಕೆ ಮುಂಚೆಯೇ. ಇಡಿಯ ಭರತಖಂಡದಲ್ಲಿ ಯಾವುದು ಆಗ ಶ್ರೇಷ್ಠ ಕಾದಂಬರಿಯೆನ್ನಿಸಿಕೊಂಡಿತ್ತೋ ಅದನ್ನೇ ಅವರು ಆರಿಸಿದರು. 1914ರಲ್ಲಿ ಅವರು ಕಾಲವಾಗುವ ಹೊತ್ತಿಗೆ ಮೈಸೂರು ಬೆಂಗಳೂರುಗಳ ಮನೆಗಳಲ್ಲಿ ಬಂಕಿಮರ ಪಾತ್ರಗಳು ನೆಂಟರಿಷ್ಟರಂತೆ ಪರಿಚಿತವಾಗಿದ್ದವು. ವೆಂಕಟಾಚಾರ್ಯರು ದಕ್ಷಿಣದಲ್ಲಿ ಮಾಡಿದುದನ್ನು ಉತ್ತರದಲ್ಲಿ ಮಾಡಿದವರು ಗಳಗನಾಥರು. ಇಬ್ಬರನ್ನೂ ಅಭಿಮಾನಿಗಳು ಕನ್ನಡ ಕಾದಂಬರಿಯ ಪಿತಾಮಹರೆಂದು ಕರೆದಿರುವುದರಲ್ಲಿ ವಿರೋಧವೇನೂ ಇಲ್ಲ. ಮನೆಗೆ ಇಬ್ಬರು ಅಜ್ಜಂದಿರು ಇರುವುದು ಸಹಜವೇ.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕಗಳನ್ನು ಬರೆಯಿಸಿ, ಬಹುಮಾನವಿತ್ತು, ಅಚ್ಚು ಹಾಕಿಸುವುದು ಅದರ ಉದ್ದೇಶಗಳಲ್ಲಿ ಒಂದು. ಮಾಸ್ತರ ಗಳಗನಾಥರು ಬರೆದ 'ಪ್ರಬುದ್ಧ ಪದ್ಮನಯನೆ' ಎಂಬ ಕಾದಂಬರಿಗೆ ಆ ಸಂಘದ ಬಹುಮಾನ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳವು. ಮೊದಲ ಬಹುಮಾನವು ಬರಹಗಾರನಿಗೆ ಹಣಕ್ಕಿಂತ ಹೆಚ್ಚಾಗಿ ಧೈರ್ಯವನ್ನು ಕೊಡುತ್ತದೆ. ಶಾಲೆಯ ಕೋಣೆಯ ಮೂವತ್ತು ನಾಲ್ವತ್ತು ಹುಡುಗರಿಗೆ ಮಾತ್ರವಲ್ಲ, ನಾಡಿಗೇ ಪಾಠ ಹೇಳಬಹುದೆಂಬ ನೆಚ್ಚಿಕೆ ಅವರಲ್ಲಿ ಅಂದು ಮೂಡಿತೆಂದು ಅವರ ಮುಂದಿನ ಬಾಳನ್ನು ನೋಡಿದವರು ಊಹಿಸಬಹುದು.

ಇನ್ನು ಆಯ್ಕೆಯ ಮಾತು. ನಾಡಿಗೆ ನಾಡೇ ಕಾದಂಬರಿಯ ರುಚಿಯನ್ನು ಅರಿಯದಿರುವಾಗ, ಮೊದಲ ತುತ್ತಾಗಿ ಯಾವುದನ್ನು ಬಡಿಸಬೇಕು? ಗಳಗನಾಥರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆಗ ಮರಾಠಿಯಲ್ಲಿ ಹರಿ ನಾರಾಯಣ ಆಪ್ಟೆಯವರ ಕೀರ್ತಿ ಉನ್ನತವಾಗಿತ್ತು. 1864ರಲ್ಲಿ ಹುಟ್ಟಿ 1919ರಲ್ಲಿ ಗತಿಸಿದ ಆಪ್ಟೆಯವರು ಎರಡು ಬಗೆಯ ಕಾದಂಬರಿಗಳನ್ನು ಬರೆದರು. ಒಂದು ಬಗೆಯವು ತಮ್ಮ ಕಾಲದ ಸಂಸಾರವನ್ನು, ಅದರಲ್ಲಿ ನೊಂದ ಹೆಣ್ಣುಮಕ್ಕಳನ್ನು ಕುರಿತವು. ಇನ್ನೊಂದು ಬಗೆಯವು ಶಿವಾಜಿಯ ಕಾಲ, ರಜಪೂತರ ಕಾಲ ಮೊದಲಾದ ಇತಿಹಾಸವನ್ನು ಕುರಿತವು. ಗಳಗನಾಥರ ಮನಸ್ಸು ಒಲಿದದ್ದು ಇತಿಹಾಸದ ಕಡೆಗೆ. ಸೋತ ಜನಕ್ಕೆ ಮೊದಲು ಬೇಕಾದುದು ತಾವು ಒಮ್ಮೆ ಗೆದ್ದಿದ್ದೆವೆಂಬ ನೆನಪು ಎಂಬುದು ಅವರ ಆಯ್ಕೆಯ ಹಿಂದಿದ್ದ ತರ್ಕವಾಗಿ ಕಾಣುತ್ತದೆ.

ಆ ಆಯ್ಕೆಗಳಲ್ಲೆಲ್ಲ ಹೆಚ್ಚು ಅರ್ಥಗರ್ಭಿತವಾದುದು 'ಕನ್ನಡಿಗರ ಕರ್ಮಕಥೆ'. 1565ರ ಯುದ್ಧದಲ್ಲಿ ವಿಜಯನಗರವು ಮಣ್ಣುಗೂಡಿದ ಕಥೆಯನ್ನು ಆಪ್ಟೆಯವರು 'ವಜ್ರಾಘಾತ'ವೆಂಬ ಹೆಸರಿನಿಂದ ಮರಾಠಿಯಲ್ಲಿ ಬರೆದಿದ್ದರು. ಕನ್ನಡಿಗರ ರಾಜಧಾನಿಯ ನಾಶವನ್ನು ಮರಾಠಿಗರು ತಮ್ಮ ಭಾಷೆಯಲ್ಲಿ ಓದಿ ಕಣ್ಣೀರಿಡುತ್ತಿದ್ದಾಗ, ಹಂಪೆಯಿಂದ ಬಹು ದೂರವಲ್ಲದ ಊರುಗಳ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಆ ಕಥೆಯಿರಲಿಲ್ಲ. ಗಳಗನಾಥರು ಅದನ್ನು ತಂದರು. ತರುವಾಗ ಹೆಸರನ್ನು ಬದಲಿಸಿದರು. ಸಿಡಿಲಿನ ಹೊಡೆತವೆಂಬ ಅರ್ಥದ ಮೂಲದ ಹೆಸರು ಕೇಡು ಹೊರಗಿನಿಂದ ಬಂದಿತೆಂದು ಹೇಳುವಂತಿದ್ದರೆ, ಕರ್ಮಕಥೆಯೆಂಬ ಕನ್ನಡದ ಹೆಸರು ಕೇಡಿನ ಬೀಜ ನಮ್ಮಲ್ಲೇ ಇತ್ತೆಂದು ಸೂಚಿಸುತ್ತದೆ. ಒಂದು ಹೆಸರನ್ನು ಬದಲಿಸುವುದರಿಂದ ಅವರು ಪರರ ಪುಸ್ತಕವನ್ನು ನಮ್ಮ ಆತ್ಮಪರೀಕ್ಷೆಯನ್ನಾಗಿ ಮಾಡಿದರು. ಭಾಷಾಂತರಕಾರನ ವಿವೇಕವೆಂದರೆ ಇದೇ.

ಆದರೆ ಆಯ್ದುಕೊಂಡವನು ಏನನ್ನೋ ಬಿಡಲೇಬೇಕಾಗುತ್ತದೆ. ವಿಧವೆಯಾದ ಹೆಣ್ಣಿನ ದುಃಖವನ್ನು ಆಕೆಯ ಬಾಯಿಂದಲೇ ಹೇಳಿಸಿದ ಆಪ್ಟೆಯವರ ಸಾಮಾಜಿಕ ಕಾದಂಬರಿ ಇಂದು ಮರಾಠಿಯಲ್ಲಿ ಅವರ ಅಗ್ರಕೃತಿಯೆಂದು ಮನ್ನಣೆ ಪಡೆದಿದೆ. ಗಳಗನಾಥರಿಗೆ ಹೆಸರು ತಂದದ್ದು ಆ ದಾರಿಯಲ್ಲ. ಹಾಗೆಯೇ, ಅವರು ಬರೆಯಲು ತೊಡಗಿದ ಕಾಲದಲ್ಲಿಯೇ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಯಿತು. ಎಳೆಯ ವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಆ ಕಥೆ ಬಹುಕಾಲ ಮರೆವಿನಲ್ಲಿ ಬಿದ್ದಿದ್ದು, ಇಂದು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಗೌರವವನ್ನು ಪಡೆದಿದೆ. ಸಾವಿರಾರು ಕೈಗಳನ್ನು ಸೇರಿದ ಪುಸ್ತಕಗಳು ಕಪಾಟಿನ ಮೇಲಟ್ಟಕ್ಕೆ ಹೋದುವು; ಮೂಲೆ ಸೇರಿದ್ದ ಪುಸ್ತಕ ಕೆಳಗಿಳಿದು ಬಂದಿತು. ಸಮಕಾಲೀನರ ತೀರ್ಪು ಕೊನೆಯ ತೀರ್ಪಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಪುಸ್ತಕ ಬರೆದರಾಯಿತೆ? ಅದು ಓದುಗನನ್ನು ಮುಟ್ಟಬೇಕು. 1907ರಲ್ಲಿ ಹಾವೇರಿಯ ಬಳಿಯ ಅಗಡಿಯಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಅಗಡಿಯ ಆನಂದವನದ ಶೇಷಾಚಲ ಸದ್ಗುರುಗಳ ಆಶ್ರಯ ಅದಕ್ಕೆ. ಅದನ್ನು ನಡೆಸುವ ಭಾರ ಗಳಗನಾಥರಿಗೆ. ಹೆಸರೇ ಹೇಳುವಂತೆ ಧರ್ಮಬೋಧೆ, ನೀತಿಬೋಧೆಗಳು ಅದರ ಗುರಿ. ಆ ಬೋಧೆಯ ಜೊತೆಯಲ್ಲಿ ಕಾದಂಬರಿಯೂ ಸೇರಿಕೊಂಡು ಮನೆಗಳಿಗೆ ನುಸುಳಿತು. ಕಟ್ಟುಕಥೆಯನ್ನು ಓದುವುದರಿಂದ ಹೆಂಗಸರೂ ಮಕ್ಕಳೂ ಕೆಡುವರೆಂದು ನಂಬಿದ ಮನೆಗಳು ಆಗ ಕಡಿಮೆಯೇನಿರಲಿಲ್ಲ. ಮಠದ ಬಾಗಿಲಿನಿಂದ ಬಂದ ಪತ್ರಿಕೆಗೆ ಅಂತಹ ಮನೆಯ ಹಿರಿಯರೂ ಬಾಗಿಲು ಮುಚ್ಚುವಂತಿರಲಿಲ್ಲ. ಅಂಚೆಯವನು ತಂದ ಸಂಚಿಕೆಯನ್ನು ಓದು ಬಲ್ಲ ಒಬ್ಬರು ಗಟ್ಟಿಯಾಗಿ ಓದುವುದು, ಮನೆಮಂದಿ ಸುತ್ತ ಕುಳಿತು ಕೇಳುವುದು, ಪುರಾಣಶ್ರವಣದಲ್ಲಿ ಪಳಗಿದ ನಮ್ಮ ಜನಕ್ಕೆ ಸಹಜವಾಗಿ ಒಗ್ಗುವ ಕ್ರಮ. ಮುಂದಿನ ತಿಂಗಳು ಏನಾಗುವುದೋ ಎಂಬ ಕುತೂಹಲವು ಓದುವ ಅಭ್ಯಾಸಕ್ಕೆ ಬೀಜ ಬಿತ್ತಿತು. ಆ ಕಾಲದ ಅಳತೆಗೆ ಚಂದ್ರಿಕೆಯ ಪ್ರಸಾರ ದೊಡ್ಡದೇ ಆಗಿತ್ತು.

ಅಂಚೆ ಮುಟ್ಟದ ಊರುಗಳಿಗೆ ಪುಸ್ತಕ ಹೋಗುವುದೆಂತು? ಅಲ್ಲಿಗೆ ಗಳಗನಾಥರೇ ಹೋದರು. ಅಚ್ಚಾಗಿ ಬಂದ ಹೊತ್ತಗೆಗಳನ್ನು ಗಂಟು ಕಟ್ಟಿ ಹೊತ್ತುಕೊಂಡು, ಊರಿಂದೂರಿಗೆ ನಡೆದು ಮಾರಿದರೆಂಬುದು ಕನ್ನಡ ನಾಡು ಮರೆಯಬಾರದ ಸಂಗತಿ. ಇಂದು ಬೆರಳ ತುದಿಯಿಂದ ಪುಸ್ತಕವನ್ನು ಮನೆಗೆ ತರಿಸಿಕೊಳ್ಳುವ ನಮಗೆ ಆ ಚಿತ್ರವನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ತಲೆಗೆ ರುಮಾಲು ಸುತ್ತಿದ ಮಾಸ್ತರರೊಬ್ಬರು, ನಾಡಿನಲ್ಲೆಲ್ಲ ಹೆಸರಾದ ಗ್ರಂಥಕರ್ತರು, ಧೂಳಿನ ದಾರಿಯಲ್ಲಿ ಹೊರೆ ಹೊತ್ತು ಬಂದು, ಬಾಗಿಲಲ್ಲಿ ನಿಂತು, ಪುಸ್ತಕ ಕೊಳ್ಳಿರೆಂದು ಕೇಳುವುದು! ಕೊಂಡವರೂ ಉಂಟು, ಬಾಗಿಲು ಹಾಕಿಕೊಂಡವರೂ ಇದ್ದಿರಬೇಕು. ಪುಸ್ತಕ ಕೊಳ್ಳುವುದು ಆಗ ಯಾವ ಮನೆಯ ಲೆಕ್ಕದಲ್ಲಿಯೂ ಅವಶ್ಯಕ ಖರ್ಚಲ್ಲ. ಕಾಗದದ ಬೆಲೆ, ಅಚ್ಚಿನ ಕೂಲಿ, ರಟ್ಟಿನ ಖರ್ಚು ಇವೆಲ್ಲ ಮೊದಲು ಕೈಯಿಂದ ಹೋಗುತ್ತಿದ್ದವು. ಮಾರಾಟದ ಹಣ ಬಿಡಿಬಿಡಿಯಾಗಿ, ತಡವಾಗಿ ಬರುತ್ತಿತ್ತು. ಬರೆಯುವವನೇ ಪ್ರಕಾಶಕನೂ ಮಾರುವವನೂ ಆದಾಗ, ನಷ್ಟವನ್ನು ಹಂಚಿಕೊಳ್ಳಲು ಎರಡನೆಯ ಹೆಗಲು ಇರುವುದಿಲ್ಲ. ಅವರ ಬಾಳಿನಲ್ಲಿ ಸಿರಿ ಎಂದೂ ನೆಲೆಯೂರಲಿಲ್ಲ. ಆದರೂ ಅವರು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನೂ, ಅವುಗಳ ಜೊತೆಗೆ ನೀತಿ, ಧರ್ಮ, ಸಂಸಾರಗಳನ್ನು ಕುರಿತ ಎಷ್ಟೋ ಗ್ರಂಥಗಳನ್ನೂ ಬರೆದರು.

ಪರರ ಕಥೆಗಳನ್ನು ತಂದುಕೊಟ್ಟ ಕೈ ತನ್ನದೇ ಕಥೆಯನ್ನು ಬರೆಯಲು ಹೊರಟುದರ ಫಲ 1923ರಲ್ಲಿ ಬಂದ 'ಮಾಧವ ಕರುಣಾ ವಿಲಾಸ'. ಕರ್ಮಕಥೆಯು ವಿಜಯನಗರದ ಅಳಿವಿನದಾದರೆ, ಇದು ಅದರ ಉದಯದ್ದು. 1336ರಲ್ಲಿ ತುಂಗಭದ್ರೆಯ ದಡದಲ್ಲಿ ಒಂದು ಸಾಮ್ರಾಜ್ಯಕ್ಕೆ ಬುನಾದಿ ಬಿದ್ದುದನ್ನೂ, ಅದರ ಹಿಂದೆ ನಿಂತ ಮಾಧವ ವಿದ್ಯಾರಣ್ಯರ ತಪಸ್ಸನ್ನೂ ಅವರು ವಿಸ್ತಾರವಾಗಿ ಚಿತ್ರಿಸಿದರು. ತಾವು ಹುಟ್ಟಿದ ಊರಿನ ಗುಡಿಯ ಮುಂದೆ ಹರಿಯುವ ಹೊಳೆಯೇ ಮುಂದೆ ಹರಿದು ಹಂಪೆಯನ್ನು ಸೇರುತ್ತದೆಂಬುದು ಅವರಿಗೆ ಬಾಲ್ಯದಿಂದಲೇ ತಿಳಿದ ಸಂಗತಿ. ಸಾಮ್ರಾಜ್ಯಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರವೆಷ್ಟು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ 1917ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಹೊರಬಂದು, ಹರಿದು ಹಂಚಿಹೋದ ಕನ್ನಡಿಗರು ತಾವು ಒಂದೇ ಜನವೆಂದು ಭಾವಿಸತೊಡಗಿದ್ದ ಆ ದಿನಗಳಲ್ಲಿ, ಈ ಕಾದಂಬರಿ ಓದುಗರಿಗೆ ಬರಿಯ ಕಥೆಯಾಗಿರಲಿಲ್ಲ. 1956ರ ನವೆಂಬರ್ 1ರಂದು ಕನ್ನಡನಾಡು ಭೂಪಟದ ಮೇಲೆ ಒಂದಾಗುವುದಕ್ಕೆ ಮೊದಲೇ ಇಂತಹ ಪುಸ್ತಕಗಳ ಪುಟಗಳಲ್ಲಿ ಅದು ಒಂದಾಗಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಕಾಲ ನಿಲ್ಲಲಿಲ್ಲ. 1915ರಲ್ಲಿಯೇ ಎಂ. ಎಸ್. ಪುಟ್ಟಣ್ಣನವರು 'ಮಾಡಿದ್ದುಣ್ಣೋ ಮಹಾರಾಯ'ದಲ್ಲಿ ಹಳೆಯ ಮೈಸೂರಿನ ಹಳ್ಳಿಯ ಜನರನ್ನು ಕಾದಂಬರಿಯ ಅಂಗಳಕ್ಕೆ ಕರೆತಂದಿದ್ದರು. 1933ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಮೊಳಗಿತು. 1936ರಲ್ಲಿ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಮಲೆನಾಡಿನ ಕಾಡನ್ನೂ ಮನೆಯನ್ನೂ ಕಣ್ಣೆದುರಿಗೆ ನಿಲ್ಲಿಸಿತು. ಅರಮನೆಯ ಸಂಚುಗಳ ಸ್ಥಾನದಲ್ಲಿ ಉಳಲು ಅಂಗೈಯಗಲ ನೆಲವಿಲ್ಲದ ಬಡವನ ಆಸೆ ಬಂದು ನಿಂತಿತು. ಗಳಗನಾಥರು ಕಲಿಸಿದ ಓದನ್ನು ಓದುಗರು ಈಗ ಬೇರೆಯವರ ಪುಸ್ತಕಗಳಿಗೆ ಬಳಸತೊಡಗಿದರು. ಗುರುವಿನ ಗೆಲುವೂ ಅದೇ, ಗುರುವಿನ ಒಂಟಿತನವೂ ಅದೇ. 1942ರಲ್ಲಿ ಅವರು ನಿಧನರಾದಾಗ ಕನ್ನಡ ಕಾದಂಬರಿಯು ಅವರು ಹಾಕಿಕೊಟ್ಟ ಹಾದಿಯನ್ನು ಬಿಟ್ಟು ಬಹುದೂರ ಬಂದಿತ್ತು.

ಹಾಗಾದರೆ ಗಳಗನಾಥರ ಕಾದಂಬರಿಗಳು ಅಭಿಜಾತ ಕೃತಿಗಳೆ? ಅವರ ಮೇಲಣ ಗೌರವದಿಂದ ಈ ಪ್ರಶ್ನೆಯನ್ನು ಮರೆಸುವುದು ಅವರಿಗೇ ಸಲ್ಲದು. ಅವರ ವಾಕ್ಯಗಳು ದೀರ್ಘ. ಸಂಸ್ಕೃತದ ಭಾರ ಹೆಚ್ಚು. ಕಥೆ ಓಡುತ್ತಿರುವಾಗ ನಡುವೆ ನಿಂತು ವಾಚಕರಿಗೆ ಧರ್ಮವನ್ನು ಹೇಳುವುದು ಅವರಿಗೆ ಪ್ರಿಯ. ಒಳ್ಳೆಯವರು ಬಲು ಒಳ್ಳೆಯವರು, ಕೆಟ್ಟವರು ಬಲು ಕೆಟ್ಟವರು. ಹೆಣ್ಣಿನ ಆದರ್ಶವನ್ನು ಅವರು ಹಳೆಯ ಅಚ್ಚಿನಲ್ಲಿಯೇ ಎರಕ ಹೊಯ್ದರು. ಮತಗಳ ನಡುವಣ ಕಾದಾಟವನ್ನು ತಮ್ಮ ಕಾಲದವರು ಕಂಡ ಕಣ್ಣಿನಿಂದಲೇ ಕಂಡರು. ಇಂದಿನ ಓದುಗ ಇವನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಅವರಲ್ಲಿ ಶಿಕ್ಷಕನು ಎಷ್ಟೋ ಸಲ ಕಲೆಗಾರನನ್ನು ಹಿಂದಕ್ಕೆ ತಳ್ಳಿದನೆಂಬುದು ನಿಜ. ಆದರೆ ಆ ಶಿಕ್ಷಕನೇ ಇಲ್ಲದಿದ್ದರೆ ಕಲೆಗಾರನನ್ನು ಓದುವವರಾರು ಹುಟ್ಟುತ್ತಿದ್ದರು?

ಇಲ್ಲಿಯೇ ಅಭಿಜಾತವೆಂಬ ಮಾತಿನ ಎರಡು ಅರ್ಥಗಳು ಬೇರ್ಪಡುತ್ತವೆ. ಒಂದು ಬಗೆಯ ಕೃತಿ ತನ್ನ ಕಾಲದಲ್ಲಿ ಒಂದು ಬಾಗಿಲನ್ನು ತೆರೆಯುತ್ತದೆ. ಅದರ ಋಣ ಇತಿಹಾಸದಲ್ಲಿ ದಾಖಲಾಗುತ್ತದೆ. ಇನ್ನೊಂದು ಬಗೆಯದನ್ನು, ಅದು ಹುಟ್ಟಿದ ಸಂದರ್ಭ ತೀರಿಹೋದ ಮೇಲೆಯೂ, ಜನ ತಮ್ಮ ಅವಶ್ಯಕತೆಯಿಂದ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಓದಿದುದು ಐವತ್ತರಲ್ಲಿ ಬೇರೆಯಾಗಿ ಕಾಣುತ್ತದೆ. ವಿಜಯನಗರದ ಹೆಮ್ಮೆಗಾಗಿ ಕರ್ಮಕಥೆಯನ್ನು ಓದುವ ಅಗತ್ಯ ಇಂದು ನಮಗಿಲ್ಲ. ಆ ಹೆಮ್ಮೆ ನಮಗೆ ಬೇರೆ ದಾರಿಗಳಿಂದ ದೊರೆತಿದೆ. ಆದರೆ ಒಂದು ಜನ ತನ್ನ ಕೇಡಿಗೆ ತಾನೇ ಹೇಗೆ ಕಾರಣವಾಗುತ್ತದೆಂಬ ಪ್ರಶ್ನೆ ಹಳೆಯದಾಗಿಲ್ಲ. ಆ ಪ್ರಶ್ನೆ ಯಾವ ಪುಟಗಳಲ್ಲಿ ಇನ್ನೂ ಮಿಡಿಯುತ್ತದೆಯೋ ಅಷ್ಟು ಪುಟಗಳು ಅಭಿಜಾತ. ಉಳಿದವು ಇತಿಹಾಸದ ಸೊತ್ತು. ಇಡಿಯಾಗಿ ಗೆಲ್ಲದೆ ಬಿಡಿಬಿಡಿಯಾಗಿ ಗೆದ್ದ ಪುಸ್ತಕಗಳೂ ಉಂಟೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕವಾದ ಓದಿನ ಮೊದಲ ಮೆಟ್ಟಿಲು.

ಆರಿಸಲು ಹೊರಟ ತರುಣನಿಗೆ ಈ ಬಾಳಿನಿಂದ ಸಿಗುವ ತಿಳಿವಳಿಕೆ ಇಷ್ಟು: ಪಟ್ಟಿಯೊಂದನ್ನು ಮೇಲಿನಿಂದ ಕೆಳಗೆ ತೀರಿಸುವುದು ಓದಲ್ಲ, ತೆರಿಗೆ ಕಟ್ಟಿದಂತೆ. ಗಳಗನಾಥರು ಅಂದು ದೊಡ್ಡದೆಂದು ಹೆಸರಾದುದನ್ನೆಲ್ಲ ತರಲಿಲ್ಲ. ತಮ್ಮವರ ಹಸಿವನ್ನು ನೋಡಿ ಅದಕ್ಕೆ ತಕ್ಕುದನ್ನು ತಂದರು. ನಮಗೂ ಮೊದಲು ನಮ್ಮ ಹಸಿವು ತಿಳಿದಿರಬೇಕು. ಇತಿಹಾಸದ ಕಡೆ ಮನಸ್ಸಿರುವವನು 'ಮಾಧವ ಕರುಣಾ ವಿಲಾಸ'ದ ಒಂದಷ್ಟು ಅಧ್ಯಾಯಗಳನ್ನು ಓದಿ, ತರುವಾಯ ಮಾಸ್ತಿಯವರ 1956ರ 'ಚಿಕವೀರ ರಾಜೇಂದ್ರ'ಕ್ಕೆ ಬರಲಿ. ಒಂದು ರಾಜ್ಯವು ಏಳುವುದನ್ನು ಹೇಳುವ ಕೈಗೂ, ಇನ್ನೊಂದು ರಾಜ್ಯವು ಬೀಳುವುದನ್ನು ಹೇಳುವ ಕೈಗೂ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಎಂತಹ ಅಂತರ ಬಂದಿದೆಯೆಂಬುದು ತಾನಾಗಿಯೇ ತಿಳಿದೀತು. ಸಂಸಾರದ ಸುಖದುಃಖಗಳು ಬೇಕೆನ್ನುವವನು 'ಇಂದಿರಾಬಾಯಿ'ಯಿಂದ ಹೊರಟು ಕಾರಂತರನ್ನು ಸೇರಲಿ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ತಾನೇ ಕಂಡುಕೊಂಡವನಿಗೆ ಮುಂದೆ ಪಟ್ಟಿಯ ಹಂಗಿಲ್ಲ. ಐವತ್ತು ಪುಟ ಓದಿದ ಮೇಲೂ ಬಾಗಿಲು ತೆರೆಯದ ಪುಸ್ತಕವನ್ನು ನಾಚಿಕೆಯಿಲ್ಲದೆ ಬದಿಗಿಡಲಿ. ಹತ್ತು ವರ್ಷಗಳ ತರುವಾಯ ಮರೆಯದೆ ಮತ್ತೊಮ್ಮೆ ತಟ್ಟಿ ನೋಡಲಿ.

ಅಲ್ಲಾಳಸಂದ್ರದ ಕೆರೆಯ ದಂಡೆಗೆ ಮರಳಿ ಬರೋಣ. ಬೆಂಗಳೂರು ಎಷ್ಟೋ ಕೆರೆಗಳನ್ನು ಕಳೆದುಕೊಂಡಿದೆ. ಧರ್ಮಾಂಬುಧಿ ಕೆರೆ ಇದ್ದೆಡೆಯಲ್ಲಿ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳ ಆಟದ ಬಯಲಾಯಿತು. ಅವು ಸಣ್ಣ ಕೆರೆಗಳೆಂದು ಅಳಿಯಲಿಲ್ಲ. ಬೇಕೆನ್ನುವವರು ಇಲ್ಲದಾದಾಗ ಅಳಿದವು. ಏರಿಯನ್ನು ಕಟ್ಟಿದವರು ಒಮ್ಮೆ ಕಟ್ಟಿ ಹೋದರು. ಅದು ಕೆರೆಯಾಗಿ ಉಳಿದುದು ಪ್ರತಿಯೊಂದು ತಲೆಮಾರೂ ಹೂಳು ತೆಗೆದು, ತೂಬು ನೋಡಿಕೊಂಡು, ನೀರಿನ ದಾರಿಯನ್ನು ತೆರೆದಿಟ್ಟುದರಿಂದ. ಪುಸ್ತಕದ ಗತಿಯೂ ಹೀಗೆಯೇ. ಬರೆದವನು ಒಮ್ಮೆ ಬರೆಯುತ್ತಾನೆ. ಓದುವವರು ಅದನ್ನು ಮತ್ತೆ ಮತ್ತೆ ತಿಳಿಗೊಳಿಸಿ ಉಳಿಸುತ್ತಾರೆ. ತರುಣನು ಕೇಳಿದ ಅಧಿಕಾರ ಯಾವ ಪಂಡಿತರ ಸಭೆಯಲ್ಲಿಯೂ ಇಲ್ಲ. ಅದು ಅವನ ಕೈಯಲ್ಲಿಯೇ ಇದೆ.

ನೂರು ವರ್ಷಗಳ ಹಿಂದೆ ಒಬ್ಬ ಮಾಸ್ತರರು ಪುಸ್ತಕದ ಹೊರೆಯನ್ನು ಹೊತ್ತು ಓದುಗನ ಮನೆಯ ಬಾಗಿಲಿಗೆ ಬಂದರು. ಈಗ ಆ ಬಾಗಿಲಿನಿಂದ ಹೊರಟು ಪುಸ್ತಕದವರೆಗೆ ನಡೆಯಬೇಕಾದ ಸರದಿ ನಮ್ಮದು. ಮುಂದಿನ ಭಾನುವಾರ ಕೆರೆಯ ದಂಡೆಗೆ ಬರುವಾಗ ಆ ತರುಣನ ಕೈಯಲ್ಲಿ ಯಾವ ಪುಸ್ತಕವಿರುವುದೋ ನೋಡಬೇಕು. ಯಾವುದಿದ್ದರೂ ಸಂತೋಷವೇ, ಅದು ಪಟ್ಟಿಯಲ್ಲಿ ಇಲ್ಲದ್ದಾಗಿದ್ದರೆ ಇನ್ನಷ್ಟು ಸಂತೋಷ.